ಪ್ರೊಗಾರ್ಡ್

ಪ್ರೊಗಾರ್ಡ್ ಎಂಬುದು ಜಾವಾ ಭಾಷೆಯ ಕ್ರಮವಿಧಿಗಳ ಗಾತ್ರವನ್ನು ಕುಗ್ಗಿಸುವ, ಅವುಗಳನ್ನು ಚುರುಕುಗೊಳಿಸುವ ಹಾಗೂ ಅವುಗಳೊಳಗಿನ ಹೆಸರುಗಳನ್ನು ಅರ್ಥವಾಗದಂತೆ ಬದಲಿಸುವ ಒಂದು ಉಚಿತ, ಮುಕ್ತ ತಂತ್ರಾಂಶ. ಇದನ್ನು ಬೆಲ್ಜಿಯಂನ ಎರಿಕ್ ಲಫೋರ್ಟ್ಯೂನ್ ರಚಿಸಿ 2002ರಲ್ಲಿ ಬಿಡುಗಡೆ ಮಾಡಿದರು.

ಹಿನ್ನೆಲೆ

ಜಾವಾದಲ್ಲಿ ಬರೆದ ಮೂಲ ಸಂಕೇತವನ್ನು ಕಂಪೈಲ್ ಮಾಡಿದಾಗ ಬೈಟ್‌ಕೋಡ್ ದೊರೆಯುತ್ತದೆ. ರಚನಕಾರರು ಕ್ಲಾಸ್ ಮತ್ತು ಮೆಥಡ್‌ಗಳಿಗೆ ಇಟ್ಟ ಹೆಸರುಗಳು ಅದರಲ್ಲಿ ಹಾಗೆಯೇ ಉಳಿದಿರುತ್ತವೆ. ಆದುದರಿಂದ ಡಿಕಂಪೈಲರ್ ಉಳ್ಳ ಯಾರೇ ಆದರೂ ಮೂಲವನ್ನು ಬಹುಮಟ್ಟಿಗೆ ಹೋಲುವ ಪಠ್ಯವನ್ನು ಮರಳಿ ಪಡೆಯಬಲ್ಲರು. ಇದರ ಜೊತೆಗೆ ಗಾತ್ರದ ಸಮಸ್ಯೆಯೂ ಇತ್ತು. ನೋಕಿಯಾದ ಆರಂಭಿಕ ಸೀರೀಸ್ 40 ಫೋನ್‌ಗಳಲ್ಲಿ ಒಂದು ಜಾವಾ ಆಟದ ಕಡತವು ಸುಮಾರು 64 ಕಿಲೋಬೈಟ್ ಮೀರುವಂತಿರಲಿಲ್ಲ. ಇಂದು ಒಂದು ಸಾಧಾರಣ ಛಾಯಾಚಿತ್ರವೂ ಅದಕ್ಕಿಂತ ದೊಡ್ಡದು.

ಕಾರ್ಯವಿಧಾನ

ಕ್ರಮವಿಧಿ ಆರಂಭವಾಗುವ ಸ್ಥಾನದಿಂದ ಹೊರಟು ಯಾವ ಭಾಗ ಯಾವುದನ್ನು ಕರೆಯುತ್ತದೆ ಎಂಬುದನ್ನು ಪ್ರೊಗಾರ್ಡ್ ಗುರುತಿಸುತ್ತ ಹೋಗುತ್ತದೆ. ಯಾರೂ ಕರೆಯದ ಭಾಗವನ್ನು ಕಿತ್ತುಹಾಕುತ್ತದೆ. ದೊಡ್ಡ ಲೈಬ್ರರಿಯೊಂದರಿಂದ ಎರಡೇ ಮೆಥಡ್‌ಗಳನ್ನು ಬಳಸಿದ್ದರೆ ಆ ಎರಡು ಮತ್ತು ಅವುಗಳಿಗೆ ಬೇಕಾದವು ಮಾತ್ರ ಉಳಿಯುತ್ತವೆ. ಅನಂತರ ಬೈಟ್‌ಕೋಡ್ ಅನ್ನು ಸುಧಾರಿಸಿ, ಉದ್ದನೆಯ ಹೆಸರುಗಳ ಸ್ಥಾನದಲ್ಲಿ ‘ಎ’, ‘ಬಿ’ ಮೊದಲಾದ ಒಂದಕ್ಷರದ ಹೆಸರುಗಳನ್ನು ಇಡುತ್ತದೆ. ಇದರಿಂದ ಓದುವುದು ಕಷ್ಟವಾಗುವುದಲ್ಲದೆ ಕಡತವೂ ಇನ್ನಷ್ಟು ಕಿರಿದಾಗುತ್ತದೆ.

ಬಳಕೆದಾರರ ಮೆಚ್ಚುಗೆ

ಏಕಾಂಗಿಯಾಗಿ ಆಟಗಳನ್ನು ರಚಿಸುತ್ತಿದ್ದವರಿಗೂ ಸಣ್ಣ ಸಂಸ್ಥೆಗಳಿಗೂ ಪ್ರೊಗಾರ್ಡ್ ಪ್ರಿಯವಾದುದಕ್ಕೆ ಬೆಲೆಯಿಲ್ಲದಿರುವುದೊಂದೇ ಕಾರಣವಲ್ಲ. ಇದು ಜಿಪಿಎಲ್ ಪರವಾನಗಿಯಡಿ ಲಭ್ಯವಿದ್ದರೂ, ಇದರಿಂದ ಸಂಸ್ಕರಿಸಿದ ಕ್ರಮವಿಧಿಗೆ ಆ ಪರವಾನಗಿ ಅನ್ವಯಿಸುವುದಿಲ್ಲ. ಮಾರಾಟದ ತಂತ್ರಾಂಶಕ್ಕೂ ನಿಶ್ಚಿಂತೆಯಿಂದ ಬಳಸಬಹುದು. ಬೇಕುಬೇಡಗಳನ್ನೆಲ್ಲ ಒಂದು ಸರಳ ಪಠ್ಯ ಕಡತದಲ್ಲಿ ಬರೆದಿಟ್ಟರೆ ಸಾಕು. ಮುಂದೆ ಆಂಡ್ರಾಯ್ಡ್‌ನ ಅಭಿವೃದ್ಧಿ ಸಾಧನಗಳೊಂದಿಗೇ ಇದು ದೊರೆಯತೊಡಗಿತು. ಅಲ್ಲಿ ಒಂದು ಡೆಕ್ಸ್ ಕಡತವು 65,536ಕ್ಕಿಂತ ಹೆಚ್ಚು ಮೆಥಡ್‌ಗಳನ್ನು ಉಲ್ಲೇಖಿಸಲಾಗದ ಕಾರಣ, ಅನಗತ್ಯ ಭಾಗವನ್ನು ತೆಗೆಯುವ ಸಾಧನವು ಅನುಕೂಲವಷ್ಟೇ ಆಗಿರದೆ ಹಲವರಿಗೆ ಅನಿವಾರ್ಯವೇ ಆಯಿತು.

ಮಿತಿಗಳು

ಹೆಸರು ಮರೆಸುವುದು ಗೂಢಲಿಪೀಕರಣವಲ್ಲ. ಕ್ರಮವಿಧಿಯೊಳಗೆ ಬರೆದಿಟ್ಟ ಗುಪ್ತಪದದಂತಹ ಪಠ್ಯವನ್ನು ಪ್ರೊಗಾರ್ಡ್ ಬಚ್ಚಿಡುವುದಿಲ್ಲ. ಹಾಗೆಂದು ನಂಬಿದವರು ಮೋಸಹೋಗುತ್ತಾರೆ. ಚಾಲನೆಯ ವೇಳೆಯಲ್ಲಿ ಹೆಸರಿನಿಂದಲೇ ಕ್ಲಾಸ್ ಒಂದನ್ನು ಹುಡುಕುವ ‘ರಿಫ್ಲೆಕ್ಷನ್’ ವಿಧಾನವಿದ್ದಲ್ಲಿ, ಅಂತಹ ಹೆಸರುಗಳನ್ನು ಉಳಿಸಬೇಕೆಂದು ‘ಕೀಪ್’ ನಿಯಮದ ಮೂಲಕ ಸೂಚಿಸಬೇಕು. ಇಲ್ಲವಾದರೆ ಪರೀಕ್ಷೆಯಲ್ಲಿ ಸರಿಯಾಗಿದ್ದ ಕ್ರಮವಿಧಿ ಬಿಡುಗಡೆಯ ನಂತರ ಕುಸಿಯಬಹುದು. ಆಗ ಬರುವ ದೋಷವರದಿಯಲ್ಲಿ ಬರಿಯ ‘ಎ’, ‘ಬಿ’ಗಳೇ ಕಾಣುತ್ತವೆ. ಅವನ್ನು ಮೂಲ ಹೆಸರುಗಳಿಗೆ ತಿರುಗಿಸಲು ‘ರಿಟ್ರೇಸ್’ ಎಂಬ ಸಹಸಾಧನವಿದೆ. ಆದರೆ ಹೆಸರುಗಳ ಹೊಂದಾಣಿಕೆಯ ಪಟ್ಟಿಯಾದ ‘ಮ್ಯಾಪಿಂಗ್’ ಕಡತವನ್ನು ಪ್ರತಿ ಬಿಡುಗಡೆಗೂ ಜೋಪಾನವಾಗಿ ಕಾಯ್ದಿಟ್ಟಿರಬೇಕು.

2019ರಲ್ಲಿ ಗೂಗಲ್ ತನ್ನದೇ ಆದ ಆರ್8 ಸಾಧನವನ್ನು ಆಂಡ್ರಾಯ್ಡ್‌ನಲ್ಲಿ ಪೂರ್ವನಿಯೋಜಿತ ಆಯ್ಕೆಯಾಗಿಸಿತು. ಆದರೂ ಆರ್8 ಓದುವುದು ಪ್ರೊಗಾರ್ಡ್‌ನ ನಿಯಮಭಾಷೆಯನ್ನೇ. ಹೊಸ ಆಂಡ್ರಾಯ್ಡ್ ಯೋಜನೆಗಳಲ್ಲಿ ಆ ನಿಯಮಗಳ ಕಡತಕ್ಕೆ ಇಂದಿಗೂ ಪ್ರೊಗಾರ್ಡ್ ಎಂಬ ಹೆಸರೇ ಇದೆ.