ಸಣ್ಣ ಪಿಸ್ತೂಲು: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಅದರ ನಂಬಿಕೆ

ಸೊಂಟಪಟ್ಟಿಯಲ್ಲೋ ಅಂಗಿಯ ಒಳಗೋ ಮರೆಯಾಗಿ ಇಟ್ಟುಕೊಳ್ಳಬಹುದಾದ ಗಿಡ್ಡ ನಳಿಕೆಯ ಕೈಬಂದೂಕನ್ನು ಸಣ್ಣ ಪಿಸ್ತೂಲು ಎನ್ನುತ್ತಾರೆ. ತಿರುಗುವ ಉರುಳೆಯಲ್ಲಿ ತೋಟಾ ತುಂಬುವ ರಿವಾಲ್ವರೂ ಹಿಡಿಯೊಳಗಿನ ಮ್ಯಾಗಜಿನ್ನಿಂದ ತೋಟಾ ಏರಿಸಿಕೊಳ್ಳುವ ಪಿಸ್ತೂಲೂ ಜನರ ಬಾಯಲ್ಲಿ ಪಿಸ್ತೂಲೇ. ಇಂಥ ಆಯುಧವನ್ನು ಎಷ್ಟು ನಂಬಬಹುದು ಎಂದು ಕೇಳುವ ಮೊದಲು ಕನ್ನಡ ಪತ್ರಿಕೆಗಳು ದಿನವೂ ಬಳಸುವ ಒಂದು ಪದವನ್ನು ನೋಡಬೇಕು. ‘ಬಂದೂಕು ಮಿಸ್‌ಫೈರ್ ಆಗಿ ಸಾವು’ ಎಂಬ ತಲೆಬರಹವನ್ನು ಓದದವರು ಕಡಿಮೆ. ಆಯುಧ ಬಲ್ಲವರಿಗೆ ಮಿಸ್‌ಫೈರ್ ಎಂದರೆ ಟ್ರಿಗರ್ ಎಳೆದರೂ ಗುಂಡು ಹಾರದಿರುವುದು. ಪತ್ರಿಕೆಯವರಿಗೆ ಅದೇ ಪದ, ಯಾರೂ ಬಯಸದೆ ಗುಂಡು ಹಾರಿಬಿಡುವುದು. ಪದ ತಪ್ಪಾಗಿ ಬಳಕೆಯಾಗಿದೆ ಎಂದು ನಕ್ಕು ಬಿಡಬಹುದು. ಆದರೆ ಆಯುಧ ನಂಬಿಕೆಗೆಡುವ ಎರಡು ಬಗೆಯನ್ನೂ ಅದು ತಿಳಿಯದೆಯೇ ಒಂದೇ ಹೆಸರಲ್ಲಿ ಕಟ್ಟಿಹಾಕಿದೆ. ಬೇಕಾದಾಗ ಹಾರದಿರುವುದು ಒಂದು, ಬೇಡದಾಗ ಹಾರುವುದು ಇನ್ನೊಂದು. ಅಗ್ಗದ ಸಣ್ಣ ಪಿಸ್ತೂಲಿನ ಚರ್ಚೆ ಸಾಮಾನ್ಯವಾಗಿ ಮೊದಲನೆಯದರಲ್ಲೇ ಮುಗಿದುಹೋಗುತ್ತದೆ. ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಎರಡನೆಯದೇ ದೊಡ್ಡದು. ಎರಡನ್ನೂ ತೀರ್ಮಾನಿಸುವುದರಲ್ಲಿ ಪಿಸ್ತೂಲಿನ ಬೆಲೆಗಿಂತ ತೋಟಾ, ಅಭ್ಯಾಸ, ಇಡುವ ರೀತಿ ಇವುಗಳ ಪಾಲು ಹೆಚ್ಚು.

ಈ ಸೀಮೆಯಲ್ಲಿ ಬಂದೂಕು ಎಂದರೆ ಮೊದಲು ನೆನಪಾಗುವುದು ಪಿಸ್ತೂಲಲ್ಲ, ಬಾಯಿಂದ ಮದ್ದು ತುಂಬುವ ಉದ್ದ ನಳಿಕೆಯ ಕೋವಿ. ಇದಕ್ಕೆ ಕಾನೂನಿನದೇ ಕಾರಣವಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಂ ಎರಡು ಬಗೆಯ ಅರ್ಜಿದಾರರನ್ನು ಬೇರೆಬೇರೆಯಾಗಿ ನೋಡುತ್ತದೆ. ಬೆಳೆ ಕಾಯಲು ಬಾಯಿಂದ ತುಂಬುವ ಕೋವಿ ಬೇಕೆಂದವರು, ರಕ್ಷಣೆಗೋ ಕ್ರೀಡೆಗೋ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಯ ನಳಿಕೆಯ ಬಂದೂಕು ಬೇಕೆಂದವರು ಒಂದು ಸಾಲಿನಲ್ಲಿ. ಅವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಪರವಾನಗಿ ಕೊಡಬೇಕು. ಉಳಿದೆಲ್ಲ ಆಯುಧ ಕೇಳುವವರು ತಕ್ಕ ಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಪಿಸ್ತೂಲು ಬರುವುದು ಈ ಎರಡನೆಯ ಸಾಲಿನಲ್ಲಿ. ಅಂದರೆ ಶಾಸನದ ಕಣ್ಣಿನಲ್ಲಿ ನಳಿಕೆ ಗಿಡ್ಡವಾದಷ್ಟೂ ಅನುಮಾನ ಉದ್ದ. ಕೊಡಗಿನಲ್ಲಿ ಕೆಲವರಿಗೆ ಇರುವಂಥ ಪರವಾನಗಿ ವಿನಾಯಿತಿಯೂ ಇಲ್ಲಿಲ್ಲ. ಇದರ ಮೇಲೆ ಕಾಡಿನ ಕಾನೂನು ಬೇರೆ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 34ನೇ ಕಲಮಿನ ಪ್ರಕಾರ ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗಿರುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು, ಮುಖ್ಯ ವನ್ಯಜೀವಿ ವಾರ್ಡನ್ ಒಪ್ಪಿಗೆಯಿಲ್ಲದೆ ಅಲ್ಲಿ ಹೊಸ ಪರವಾನಗಿ ಹುಟ್ಟುವಂತಿಲ್ಲ. ಒಂದು ಕಡೆ 1987ರ ಕಾವೇರಿ ವನ್ಯಧಾಮ, ಇನ್ನೊಂದು ಕಡೆ 2013ರ ಮಲೆ ಮಹದೇಶ್ವರ ವನ್ಯಧಾಮ, ಯಳಂದೂರಿನ ಮಗ್ಗುಲಲ್ಲಿ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟ. ನಕ್ಷೆಯ ಮೇಲೆ ಈ ಹತ್ತು ಕಿಲೋಮೀಟರುಗಳನ್ನು ಎಳೆದರೆ ಹನೂರು ತಾಲ್ಲೂಕಿನಲ್ಲಿ ಅದರ ಹೊರಗೆ ಉಳಿಯುವ ಊರು ಹೆಚ್ಚಿರುವುದಿಲ್ಲ.

ಕೋವಿಯ ನಂಬಿಕೆಯನ್ನು ಹತ್ತಿರದಿಂದ ನೋಡಿದರೆ ಪಿಸ್ತೂಲಿನದೂ ಅರ್ಥವಾಗುತ್ತದೆ. ರಾಗಿ ತೆನೆ ಕಟ್ಟುವ ಹೊತ್ತಿಗೆ ಅಟ್ಟಣೆಯ ಮೇಲೆ ರಾತ್ರಿ ಕೂತವನ ಕೈಯಲ್ಲಿರುವುದು ಒಂದೇ ಏಟಿನ ಯಂತ್ರ. ಮದ್ದು, ಅದರ ಮೇಲೆ ಒತ್ತು, ಆಮೇಲೆ ಚರೆ. ಗಜದಿಂದ ಗಿಡಿದು, ಹಿಂದಿನ ಮೊಲೆಯ ಮೇಲೆ ತಾಮ್ರದ ಕೇಪು ಕೂರಿಸಬೇಕು. ಇಬ್ಬನಿ ಬಿದ್ದ ಬೆಳಗಿನ ಜಾವಕ್ಕೆ ಕೇಪು ಚಟ್ ಎಂದು ಸಿಡಿದೀತು, ಒಳಗಿನ ಮದ್ದು ಥಂಡಿ ಹಿಡಿದು ಸುಮ್ಮನೆ ಕೂತೀತು. ಇಲ್ಲವೇ ಒಂದು ಗಳಿಗೆ ತಡೆದು, ಕೋವಿ ಕೆಳಗಿಳಿಸುವಾಗ ಹೊತ್ತಿಕೊಂಡೀತು. ಯಂತ್ರದ ಲೆಕ್ಕದಲ್ಲಿ ಇಷ್ಟು ಕೈಕೊಡುವ ಆಯುಧ ಕಡಿಮೆ. ಆದರೂ ರೈತನ ಕೆಲಸಕ್ಕೆ ಅದು ಸಾಲುತ್ತದೆ, ಏಕೆಂದರೆ ಅವನಿಗೆ ಬೇಕಾದದ್ದು ಸದ್ದು. ಕಾಡುಹಂದಿಯೂ ಆನೆಯೂ ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿಗಳು. ಬೆಳೆ ಕಾಯುವ ಲೈಸೆನ್ಸು ಕೊಲ್ಲುವ ಲೈಸೆನ್ಸಾಗುವುದಿಲ್ಲ. ಮೊದಲ ಸಲ ಹೊತ್ತದಿದ್ದರೆ ಎರಡನೆಯ ಕೇಪು ಹಾಕಲು ವ್ಯವಧಾನವಿದೆ, ಪಕ್ಕದ ಹೊಲದವನ ತಮಟೆಯಿದೆ. ಅಲ್ಲದೆ ಕೇಪು ತೆಗೆದಿಟ್ಟ ಕೋವಿ ಗೋಡೆಗೆ ಒರಗಿಸಿದ ಕೊಳವೆಗೆ ಹತ್ತಿರ. ಅಂದರೆ ಬೇಕಾದಾಗ ಹಾರುವ ನಂಬಿಕೆ ಅದರಲ್ಲಿ ಕಡಿಮೆ. ಜೋಪಾನವಾಗಿಟ್ಟರೆ, ಬೇಡದಾಗ ಹಾರದಿರುವ ನಂಬಿಕೆ ಹೆಚ್ಚು.

ಪಿಸ್ತೂಲಿನ ಸ್ಥಿತಿ ಇದಕ್ಕೆ ತಿರುಗುಮುರುಗು. ಭಾರತದಲ್ಲಿ ಸಾಮಾನ್ಯ ಲೈಸೆನ್ಸುದಾರನಿಗೆ 9 ಎಂ.ಎಂ. ನಿಷಿದ್ಧ ಬೋರು, ಅಂದರೆ ನಳಿಕೆಯ ನಿಷೇಧಿತ ಅಳತೆ. ಅವನ ಪಾಲಿಗೆ ಉಳಿಯುವುದು ಮುಖ್ಯವಾಗಿ .32. ಈ ಬೋರಿನಲ್ಲಿ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳ ರಿವಾಲ್ವರ್ ಇದೆ, ಅಶನಿ ಎಂಬ ಪಿಸ್ತೂಲಿದೆ. 2014ರಲ್ಲಿ ಕಾನ್ಪುರದ ಕಾರ್ಖಾನೆ ಹೆಣ್ಣುಮಕ್ಕಳ ರಕ್ಷಣೆಗೆಂದು ಹೊರತಂದ ನಿರ್ಭೀಕ್ ಸುಮಾರು 500 ಗ್ರಾಂ ತೂಕದ ರಿವಾಲ್ವರ್. ಆಗಲೇ ಅದರ ಬೆಲೆ 1,22,360 ರೂಪಾಯಿ. 2021ರಲ್ಲಿ ಆರ್ಡ್‌ನೆನ್ಸ್ ಮಂಡಳಿ ಏಳು ಕಂಪನಿಗಳಾಗಿ ಒಡೆದ ಮೇಲೆ ಕಾನ್ಪುರದ ಕಂಪನಿ 2023ರಲ್ಲಿ ಪ್ರಬಲ್ ಎಂಬ ಇನ್ನೊಂದು .32 ರಿವಾಲ್ವರ್ ತಂದಿತು. ವಿದೇಶಿ ಪಿಸ್ತೂಲುಗಳ ಆಮದು 1980ರ ದಶಕದಿಂದಲೇ ಬಿಗಿಯಾಗಿರುವುದರಿಂದ ಅಗ್ಗ ಎಂಬ ಮಾತಿಗೆ ಇಲ್ಲಿ ವಿಚಿತ್ರ ಅರ್ಥ ಬಂದಿದೆ. ಅಮೆರಿಕದಲ್ಲಿ ಮುನ್ನೂರು ಡಾಲರಿನ ಒಳಗೆ ಸಿಗುವುದು ಅಗ್ಗದ ಪಿಸ್ತೂಲು. ಇಲ್ಲಿ ಲಕ್ಷ ಕೊಟ್ಟು ತಂದದ್ದೂ ಅದೇ ದರ್ಜೆಯ ಸರಳ ಯಂತ್ರವೇ.

ಸಣ್ಣದು ಮಾಡಿದಷ್ಟೂ ಯಂತ್ರದ ಸೈರಣೆ ಕಡಿಮೆಯಾಗುತ್ತದೆ. ಪಿಸ್ತೂಲಿನ ಮೇಲ್ಭಾಗದ ಸ್ಲೈಡು ಹಿಂದಕ್ಕೆ ಹೋಗಿ, ತೋಟಾದ ಖಾಲಿ ಕೋಶವನ್ನು ಎಸೆದು, ಮುಂದೆ ಬರುತ್ತ ಹೊಸ ತೋಟಾವನ್ನು ಏರಿಸಬೇಕು. ಸ್ಲೈಡು ಗಿಡ್ಡವಾದರೆ ತೂಕ ಇಳಿಯುತ್ತದೆ. ಆ ಕೊರತೆ ತುಂಬಲು ಸ್ಪ್ರಿಂಗ್ ಗಟ್ಟಿಯಾಗಬೇಕು. ಓಡಾಡುವ ಜಾಗ ಮೊದಲೇ ಕಿರಿದು. ಹೀಗಿರುವಾಗ ಹಿಡಿದ ಕೈ ಸಡಿಲವಾದರೆ, ಜೇಬಿನ ನೂಲಿನ ಎಳೆ ಒಳಗೆ ಸೇರಿದರೆ, ಮ್ಯಾಗಜಿನ್ನಿನ ತುಟಿ ಕೂದಲೆಳೆಯಷ್ಟು ಬಾಗಿದ್ದರೆ ತೋಟಾ ಅಡ್ಡ ನಿಲ್ಲುತ್ತದೆ. .32 ಪಿಸ್ತೂಲಿಗೆ ಇನ್ನೂ ಒಂದು ಹುಟ್ಟುಗುಣವಿದೆ: 1899ರ ಸುಮಾರಿಗೆ ಬಂದೂಕು ವಿನ್ಯಾಸಕ ಬ್ರೌನಿಂಗ್ ರೂಪಿಸಿದ ಈ ತೋಟಾದ ಬುಡದಲ್ಲಿ ಕೋಶಕ್ಕಿಂತ ತುಸು ಅಗಲವಾದ ಅಂಚಿದೆ. ಮ್ಯಾಗಜಿನ್ನಿನಲ್ಲಿ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಜಾರಿದರೆ ಎರಡೂ ಕೊಂಡಿ ಹಾಕಿಕೊಳ್ಳುತ್ತವೆ. ಆಮೇಲೆ ಸ್ಲೈಡನ್ನು ಎಷ್ಟು ಎಳೆದರೂ ಪ್ರಯೋಜನವಿಲ್ಲ, ಮ್ಯಾಗಜಿನ್ ಹೊರತೆಗೆದು ಬಿಡಿಸಬೇಕು. ರಿವಾಲ್ವರಿಗೆ ಈ ಕಾಟವಿಲ್ಲ. ಒಂದು ತೋಟಾ ಸತ್ತಿದ್ದರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಮುಂದಿನದು ಎದುರಿಗೆ ಬರುತ್ತದೆ. ಕೆಲವೇ ಗುಂಡು ಹಿಡಿಯುತ್ತದೆ, ದಪ್ಪ ಉರುಳೆ ಅಂಗಿಯಡಿ ಉಬ್ಬುತ್ತದೆ ಎಂಬ ದೂರುಗಳು ನಿಜವೇ ಆದರೂ, ಅಭ್ಯಾಸ ಕಡಿಮೆಯಿರುವ ಕೈಗೆ ಹೇಳಿಮಾಡಿಸಿದ್ದು ಅದೇ ಎನ್ನದೆ ವಿಧಿಯಿಲ್ಲ.

ಅಭ್ಯಾಸ ಕಡಿಮೆ ಎಂಬುದು ಬರಿಯ ಊಹೆಯಾಗದಂತೆ ಒಂದು ಸಣ್ಣ ಲೆಕ್ಕ ಹಾಕಬಹುದು. ವರ್ಷಕ್ಕೆ ಎಷ್ಟು ತೋಟಾ, ಒಂದು ಹೊತ್ತಿಗೆ ಕೈಯಲ್ಲಿ ಎಷ್ಟು ಎಂಬುದನ್ನು ಲೈಸೆನ್ಸಿನಲ್ಲೇ ನಮೂದಿಸಿರುತ್ತಾರೆ. ಒಬ್ಬ ಮಾಲೀಕ ತನ್ನ ಪಿಸ್ತೂಲಿನಿಂದ 50 ಗುಂಡು ಹಾರಿಸಿದ, ಒಂದೂ ತಡೆಯಲಿಲ್ಲ ಎನ್ನೋಣ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಸುಲಭ ಸೂತ್ರವಿದೆ: ಮೂರನ್ನು ಪ್ರಯೋಗಗಳ ಸಂಖ್ಯೆಯಿಂದ ಭಾಗಿಸಬೇಕು. 50ರಲ್ಲಿ ಸೊನ್ನೆ ತಪ್ಪು ಎಂದರೆ ನಿಜವಾದ ತಪ್ಪಿನ ಪ್ರಮಾಣ ನೂರಕ್ಕೆ 6ರವರೆಗೂ ಇರಬಹುದು ಎಂದಷ್ಟೇ, ಅದೂ ನೂರಕ್ಕೆ 95ರ ಭರವಸೆಯಲ್ಲಿ ಹೇಳಬಹುದು. ನೂರಕ್ಕೆ 1ಕ್ಕಿಂತ ಕಡಿಮೆ ಎನ್ನಬೇಕಾದರೆ ತಡೆಯಿಲ್ಲದ 300 ಗುಂಡು ಬೇಕು. ಪುಣೆಯ ಖಡಕಿ ಕಾರ್ಖಾನೆಯ ತೋಟಾವನ್ನು ಎಣಿಸಿ ಕೊಂಡು, ವರ್ಷಗಟ್ಟಲೆ ಅದೇ ಏಳೆಂಟನ್ನು ಮ್ಯಾಗಜಿನ್ನಿನಲ್ಲಿ ಬಿಟ್ಟು, ಬೆವರು ತಾಗಿದ ಹಿತ್ತಾಳೆ ಹಸಿರುಗಟ್ಟಿದ ಮೇಲೂ ಅದನ್ನೇ ನೆಚ್ಚಿಕೊಳ್ಳುವವನಿಗೆ ತನ್ನ ಪಿಸ್ತೂಲು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯುವ ದಾರಿಯೇ ಇಲ್ಲ. ಅದು ಒಳ್ಳೆಯದೇ ಇರಬಹುದು. ಆದರೆ ಅವನ ನಂಬಿಕೆಗೆ ಪುರಾವೆ ಇಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿಗೆ ಮುನ್ನ ಸುರಕ್ಷತಾ ತರಬೇತಿ ಬೇಕೆಂದು ಹೇಳಿದ್ದು ಸರಿಯಾದ ಹೆಜ್ಜೆ. ಅದು ಶುರುವಿನ ಪಾಠ, ವರ್ಷವರ್ಷದ ಅಭ್ಯಾಸಕ್ಕೆ ಬದಲಾಗಲಾರದು.

ಬೆಲೆ ಹೆಚ್ಚಾದರೆ ಈ ಚಿಂತೆ ತಪ್ಪುತ್ತದಲ್ಲವೇ ಎಂಬುದು ಮೊದಲ ಆಕ್ಷೇಪ. ಅಮೆರಿಕದ ಅನುಭವ ಹಾಗೆ ಹೇಳುವುದಿಲ್ಲ. ಅಗ್ಗದ ಸಣ್ಣ ಪಿಸ್ತೂಲುಗಳಿಗೆ ಹೆಸರಾದ ಬ್ರೆಜಿಲಿನ ಟಾರಸ್ ಕಂಪನಿ, ಕೆಳಗೆ ಬಿದ್ದರೆ ಗುಂಡು ಹಾರುತ್ತದೆ ಎಂಬ ದೂರಿನ ಸಾಮೂಹಿಕ ದಾವೆಯನ್ನು 2015ರಲ್ಲಿ ರಾಜಿಯಲ್ಲಿ ಮುಗಿಸಿಕೊಳ್ಳಲು ಒಪ್ಪಿತು. ಅದಾಗಿ ಎರಡೇ ವರ್ಷಕ್ಕೆ, 2017ರ ಆಗಸ್ಟಿನಲ್ಲಿ, ದುಬಾರಿ ದರ್ಜೆಯ ಸಿಗ್ ಕಂಪನಿಯೂ ಬೀಳುವ ಪರೀಕ್ಷೆಗಳ ಫಲಿತಾಂಶ ಹೊರಬಂದ ಮೇಲೆ ತನ್ನ ಪಿ320 ಪಿಸ್ತೂಲುಗಳನ್ನು ಉಚಿತವಾಗಿ ಸರಿಪಡಿಸಿಕೊಡುವುದಾಗಿ ಪ್ರಕಟಿಸಿತು. ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಸೇನೆ ತನಗಾಗಿ ಆರಿಸಿಕೊಂಡದ್ದು ಆ ಪಿಸ್ತೂಲಿನ ಒಂದು ರೂಪವನ್ನೇ. ಹೆಚ್ಚು ಹಣ ಕೊಟ್ಟರೆ ಒಳ್ಳೆಯ ಟ್ರಿಗರ್, ಬಾಳಿಕೆಯ ಲೋಹ ಸಿಗಬಹುದು. ಬೇಡದಾಗ ಹಾರದಿರುವ ಗುಣ ಬೆಲೆಪಟ್ಟಿಯಲ್ಲಿ ಬರೆದಿರುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಕಾರ್ಖಾನೆಯ ಮುದ್ರೆಯೇ ಇಲ್ಲದ ನಾಡಪಿಸ್ತೂಲು ಕೂಡ ಕೈಕೊಡದೆ ಕೆಲಸ ಮಾಡಿದೆಯಲ್ಲ? 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾದರು. ಎರಡಕ್ಕೂ ಬಳಸಿದ್ದು ಒಂದೇ 7.65 ಎಂ.ಎಂ. ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಇಂಚಿನ ಲೆಕ್ಕದಲ್ಲಿ ಅದೂ .32ರ ಅಳತೆಯೇ. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಕೊಲ್ಲಲು ಬಂದವನು ಹೊತ್ತನ್ನೂ ದೂರವನ್ನೂ ತಾನೇ ಆರಿಸಿಕೊಂಡಿರುತ್ತಾನೆ. ಆಯುಧ ಕೈಗೆತ್ತಿಕೊಂಡೇ ಬರುತ್ತಾನೆ. ಕೈಕೊಟ್ಟರೆ ಓಡಿಹೋಗಿ ಇನ್ನೊಂದು ದಿನ ಬರಬಲ್ಲ. ರಕ್ಷಣೆಗೆಂದು ಒಯ್ಯುವವನಿಗೆ ಈ ಮೂರರಲ್ಲಿ ಒಂದೂ ಇಲ್ಲ. ಅವನ ಪಿಸ್ತೂಲು ಸಾವಿರ ದಿನ ಸುಮ್ಮನಿದ್ದು, ಸಾವಿರದೊಂದನೆಯ ದಿನ, ಅವನು ಆರಿಸದ ಗಳಿಗೆಯಲ್ಲಿ ಕೆಲಸಕ್ಕೆ ಬರಬೇಕು. ಆ ಸಾವಿರ ದಿನವೂ ಮನೆಯಲ್ಲಿ ಮಕ್ಕಳಿರುತ್ತಾರೆ.

ಗಳಿಗೆಯನ್ನು ಆರಿಸುವವನು ದಾಳಿಮಾಡುವವನೇ ಎಂಬ ಮಾತನ್ನು ಈ ಸೀಮೆಯ ಇತಿಹಾಸ ಕಠೋರವಾಗಿ ಹೇಳುತ್ತದೆ. ಕಾಡುಗಳ್ಳ ವೀರಪ್ಪನ್ ಹುಟ್ಟಿದ ಗೋಪಿನಾಥಂ ಇಂದಿನ ಹನೂರು ತಾಲ್ಲೂಕಿನದು. 1992ರ ಮೇ ತಿಂಗಳಲ್ಲಿ ಅವನ ತಂಡ ರಾಮಾಪುರದ ಪೊಲೀಸ್ ಠಾಣೆಗೇ ನುಗ್ಗಿ, ಪೊಲೀಸರನ್ನು ಕೊಂದು, ಅಲ್ಲಿನ ಬಂದೂಕುಗಳನ್ನು ಹೊತ್ತೊಯ್ದಿತು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯದ ಬಳಿ ಹೊಂಚಿಗೆ ಸಿಕ್ಕಿ ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಪ್ರಾಣ ಕಳೆದುಕೊಂಡರು. ಇವರು ತರಬೇತಿ ಪಡೆದವರು, ಅಪಾಯ ಎಲ್ಲಿದೆ ಎಂದು ಬಲ್ಲವರು. ಅವರ ಆಯುಧ ಕೆಟ್ಟಿತ್ತು ಎಂದು ಯಾರೂ ಹೇಳುವುದಿಲ್ಲ. ಹೊಂಚು ಹಾಕಿದವರಿಗೆ ಮೊದಲ ಗುಂಡಿನ ಹಕ್ಕಿತ್ತು, ಅಷ್ಟೇ. ಹತ್ತು ವರ್ಷದ ಮೇಲೆ, 2002ರ ಆಗಸ್ಟ್ 25ರಂದು, ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ವೀರಪ್ಪನ್ ತಂಡ ಕಾಮಗೆರೆಯ ಮನೆಯಿಂದಲೇ ಅಪಹರಿಸಿತು. ಡಿಸೆಂಬರಿನಲ್ಲಿ ಕಾಡಿನಲ್ಲಿ ಅವರ ಶವ ಸಿಕ್ಕಿತು. ಅಂಥ ದಿನಗಳಲ್ಲಿ ಸೊಂಟದಲ್ಲೊಂದು ಪಿಸ್ತೂಲಿದ್ದರೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ ಮೇಲೆ ಆ ವಾದದ ಬೇರು ಸಡಿಲವಾಯಿತು. ಇಂದು ಮಲೆ ಮಹದೇಶ್ವರ ಬೆಟ್ಟದ ರಸ್ತೆಯಲ್ಲೋ ಬಿಳಿಗಿರಿಯ ದಾರಿಯಲ್ಲೋ ಎದುರಾಗುವ ಅಪಾಯ ಆನೆ, ಅದರ ಮುಂದೆ .32 ಗುಂಡು ಕೆರಳಿಸುವುದಕ್ಕಷ್ಟೇ ಸಾಕು. ಮೇಲಾಗಿ ಅಭಯಾರಣ್ಯದೊಳಗೆ ಆಯುಧ ಒಯ್ಯಲು ಮೊದಲೇ ಲಿಖಿತ ಅನುಮತಿ ಬೇಕು.

ಹಾಗಾದರೆ ರೇಷ್ಮೆಯ ವ್ಯಾಪಾರಕ್ಕೋ ಕರಿಕಲ್ಲಿನ ವ್ಯವಹಾರಕ್ಕೋ ಹಣ ಹಿಡಿದು ಓಡಾಡುವವನು ಲೈಸೆನ್ಸು ಪಡೆದು ಒಯ್ಯುವುದೇ ತಪ್ಪೇ? ತಪ್ಪಲ್ಲ, ಹೇಗೆ ಒಯ್ಯಬೇಕೆಂಬುದನ್ನು ನಿಯಮವೇ ಹೇಳಿದೆ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಅದಕ್ಕೆಂದೇ ಮಾಡಿದ ಚೀಲದಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಝಳಪಿಸುವುದು, ಮದುವೆಯಲ್ಲಿ ಗಾಳಿಗೆ ಹಾರಿಸುವುದು ಅಪರಾಧ. ಬೇರೆ ಕೆಲವು ದೇಶಗಳಲ್ಲಿ ಮರೆಯಾಗಿ ಒಯ್ಯಲು ಪ್ರತ್ಯೇಕ ಪರವಾನಗಿ ಬೇಕಾದರೆ ಇಲ್ಲಿ ಮರೆಯೇ ಕಟ್ಟಳೆ. ಈ ಕಟ್ಟಳೆಯಲ್ಲಿ ಎರಡನೆಯ ಬಗೆಯ ಮಿಸ್‌ಫೈರಿಗೆ ಮದ್ದಿದೆ: ಟ್ರಿಗರನ್ನು ಮುಚ್ಚುವ ಗಟ್ಟಿ ಕೋಶ, ಅಂದರೆ ಹೋಲ್‌ಸ್ಟರ್. ಬರಿ ಜೇಬಿನಲ್ಲಿ ಬೀಗದ ಕೈ, ನಾಣ್ಯಗಳ ಜೊತೆ ಇಟ್ಟ ಪಿಸ್ತೂಲು ಎಷ್ಟು ದುಬಾರಿಯದಾದರೂ ಯಾವಾಗ ಹಾರೀತೆಂದು ಹೇಳಲಾಗದು.

ಇನ್ನು ಚುನಾವಣೆ. ನೀತಿ ಸಂಹಿತೆ ಜಾರಿಯಾದೊಡನೆ ಲೈಸೆನ್ಸುದಾರರಿಗೆ ಆಯುಧವನ್ನು ಠಾಣೆಯಲ್ಲಿ ಠೇವಣಿ ಇಡಲು ಸೂಚನೆ ಬರುತ್ತದೆ. ವಿನಾಯಿತಿ ಬೇಕಾದವರು ಜಿಲ್ಲಾ ಸಮಿತಿಯ ಮುಂದೆ ಕಾರಣ ತೋರಿಸಬೇಕು. ಲೋಕಸಭೆ, ವಿಧಾನಸಭೆ, ಪಂಚಾಯಿತಿ ಎಂದು ಐದು ವರ್ಷದಲ್ಲಿ ಹಲವು ತಿಂಗಳು ಆಯುಧ ಮಾಲೀಕನ ಬಳಿ ಇರುವುದೇ ಇಲ್ಲ. ಚರ್ಮದ ಕೋಶದೊಳಗೇ ಇಟ್ಟು ಕೊಟ್ಟ ಪಿಸ್ತೂಲಿಗೆ ಈ ಅವಧಿ ಒಳ್ಳೆಯದಲ್ಲ, ಏಕೆಂದರೆ ಚರ್ಮ ಗಾಳಿಯ ಪಸೆಯನ್ನು ಹೀರಿ ಉಕ್ಕಿಗೆ ಒತ್ತಿಹಿಡಿಯುತ್ತದೆ. ಒಳಗಿನ ಸ್ಪ್ರಿಂಗಿಗೆ ಹಾಕಿದ ಎಣ್ಣೆ ಧೂಳು ಸೇರಿ ಅಂಟಾಗುತ್ತದೆ. ರಿಜಿಸ್ಟರಿನಲ್ಲಿ ಸಹಿ ಮಾಡಿ ವಾಪಸು ತಂದವನು ಮೊದಲು ಕೋಶದಿಂದ ಹೊರತೆಗೆದು, ಖಾಲಿ ಇದೆಯೇ ನೋಡಿ, ಬಿಚ್ಚಿ ಒರೆಸಬೇಕು. ಹಳೆಯ ತೋಟಾವನ್ನು ಅಧಿಕೃತ ರೇಂಜಿನಲ್ಲಿ ಹಾರಿಸಿ ಮುಗಿಸಿ ಹೊಸದು ತುಂಬಬೇಕು. ಬಹಳಷ್ಟು ಪಿಸ್ತೂಲುಗಳು ಕೋಶದ ಸಮೇತ ನೇರವಾಗಿ ಬೀರುವಿಗೆ ಹೋಗುತ್ತವೆ, ಮುಂದಿನ ಚುನಾವಣೆಯವರೆಗೆ.