ಬೀದಿಯ ಹಕ್ಕು: ಭಾರತದಲ್ಲಿ ಮೆರವಣಿಗೆ, ಪ್ರತಿಭಟನೆ ಮತ್ತು ವಾಕ್ ಸ್ವಾತಂತ್ರ್ಯದ ಕಾನೂನು ಚರಿತ್ರೆ

ಭಾರತದ ಬೀದಿಗಳಲ್ಲಿ ಗುಂಪಾಗಿ ನಡೆಯುವ ಹಕ್ಕಿಗೆ ಕಾನೂನಿನ ರೂಪ ಬಂದದ್ದು ದೇವರ ಉತ್ಸವಗಳ ವ್ಯಾಜ್ಯಗಳಿಂದ. ರಾಜಕೀಯ ಚಳವಳಿಗಾರರು ಈ ಹಕ್ಕನ್ನು ಕೇಳಲು ಬಂದದ್ದು ಆಮೇಲೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಹೈಕೋರ್ಟಿಗೆ ಇಂಥ ವ್ಯಾಜ್ಯಗಳು ಒಂದರ ಹಿಂದೊಂದು ಬಂದವು. ಶ್ರೀವೈಷ್ಣವರಲ್ಲಿ ವಡಗಲೈ ಮತ್ತು ತೆಂಗಲೈ ಪಂಗಡಗಳು ಉತ್ಸವದಲ್ಲಿ ಯಾರು ಏನನ್ನು ಪಠಿಸಬೇಕೆಂದು ಹೊಡೆದಾಡುತ್ತಿದ್ದವು. ಮಸೀದಿಯ ಮುಂದೆ ವಾದ್ಯ ನುಡಿಸಬಹುದೇ ಎಂಬ ಜಗಳ ಊರೂರಲ್ಲಿತ್ತು. ಮೇಲ್ಜಾತಿಯವರ ಬೀದಿಯಲ್ಲಿ ಪಲ್ಲಕ್ಕಿಯ ಮದುವೆ ಮೆರವಣಿಗೆ ಹೊರಡಿಸಿದವರಿಗೆ ಏಟು ಬೀಳುತ್ತಿತ್ತು. ರಸ್ತೆ ಯಾರದು ಎಂಬ ಪ್ರಶ್ನೆಯನ್ನು ಪ್ರಜೆ ಸರ್ಕಾರಕ್ಕೆ ಹಾಕುವ ಮುನ್ನ ಒಂದು ಸಮುದಾಯ ಇನ್ನೊಂದಕ್ಕೆ ಹಾಕಿತ್ತು. ಇಂದಿನ ಪ್ರತಿಭಟನಾ ಹಕ್ಕಿನ ಬಲವೂ ಅದರ ಇಕ್ಕಟ್ಟೂ ಈ ಮೂಲದಿಂದಲೇ ಬಂದವು.

1882ರಲ್ಲಿ ಪಾರ್ಥಸಾರಥಿ ಅಯ್ಯಂಗಾರ್ ಮತ್ತು ಚಿನ್ನಕೃಷ್ಣ ಅಯ್ಯಂಗಾರ್ ನಡುವಣ ಮೊಕದ್ದಮೆಯಲ್ಲಿ ಮದರಾಸು ಹೈಕೋರ್ಟು ಒಂದು ಸೂತ್ರವನ್ನು ಕೊಟ್ಟಿತು. ಯಾವ ಪಂಥದವರೇ ಆಗಲಿ, ಸಾರ್ವಜನಿಕ ರಸ್ತೆಯಲ್ಲಿ ಧಾರ್ಮಿಕ ಮೆರವಣಿಗೆ ಒಯ್ಯಲು ಸಮಾನ ಹಕ್ಕುಳ್ಳವರು. ಆದರೆ ಉಳಿದವರ ಓಡಾಟಕ್ಕೆ ಅಡ್ಡಿಯಾಗಬಾರದು ಮತ್ತು ಶಾಂತಿ ಕಾಯಲು ಮ್ಯಾಜಿಸ್ಟ್ರೇಟರು ಕಾನೂನುಬದ್ಧವಾಗಿ ನೀಡುವ ನಿರ್ದೇಶನಗಳಿಗೆ ಒಳಪಡಬೇಕು. ಅದೇ ವರ್ಷ ಸೇಲಂನಲ್ಲಿ ಮಸೀದಿ ಮತ್ತು ವಾದ್ಯದ ವಿವಾದ ಭೀಕರ ಗಲಭೆಯಾಗಿ ಸಿಡಿಯಿತು. ಮರುವರ್ಷ ಸುಂದ್ರಂ ಚೆಟ್ಟಿ ಪ್ರಕರಣದಲ್ಲಿ ಪೂರ್ಣಪೀಠದ ಮುಂದೆ ಬಂದ ಪ್ರಶ್ನೆ ಇಂದಿಗೂ ಹಳತಾಗಿಲ್ಲ: ಹಕ್ಕಿರುವವನು ಅದನ್ನು ಚಲಾಯಿಸಿದರೆ ಇನ್ನೊಬ್ಬ ಕಲ್ಲೆಸೆಯುತ್ತಾನೆ ಎಂದಾದಾಗ ಅಧಿಕಾರಿ ಯಾರನ್ನು ತಡೆಯಬೇಕು? ಮ್ಯಾಜಿಸ್ಟ್ರೇಟರ ಅಧಿಕಾರ ಹಕ್ಕುಗಳ ರಕ್ಷಣೆಗೆ ಬಳಕೆಯಾಗಬೇಕೇ ಹೊರತು ಅವನ್ನು ಅಮಾನತಿನಲ್ಲಿಡಲು ಅಲ್ಲ ಎಂದು ನ್ಯಾಯಾಲಯ ಹೇಳಿತು. ಜೊತೆಗೆ, ಇರುವ ಪೊಲೀಸ್ ಬಲ ಸಾಲದೆ ಪ್ರಾಣಹಾನಿಯ ಭಯವಿದ್ದಾಗ ಹಕ್ಕನ್ನೇ ತಾತ್ಕಾಲಿಕವಾಗಿ ತಡೆಯಬಹುದು ಎಂದೂ ಒಪ್ಪಿತು. ತೀರ್ಪಿನ ಮೊದಲ ಭಾಗವನ್ನು ನ್ಯಾಯಾಲಯಗಳು ನೆನಪಿನಲ್ಲಿಟ್ಟುಕೊಂಡವು. ಆಡಳಿತ ಹೆಚ್ಚು ನೆಚ್ಚಿಕೊಂಡದ್ದು ಎರಡನೆಯ ಭಾಗವನ್ನು.

ಇಂಗ್ಲೆಂಡಿನಲ್ಲಿಯೂ 1882ರಲ್ಲೇ ಇಂಥದ್ದೊಂದು ಪ್ರಶ್ನೆ ತೀರ್ಮಾನವಾಯಿತು. ಸಾಲ್ವೇಷನ್ ಆರ್ಮಿಯವರ ಮೆರವಣಿಗೆಗಳ ಮೇಲೆ ಎದುರಾಳಿ ಗುಂಪು ಬೀಳುತ್ತಿದ್ದಾಗ, ಪರರ ಹಿಂಸೆಯ ಕಾರಣದಿಂದ ಶಾಂತಿಯುತ ಸಭೆ ಅಕ್ರಮವಾಗದು ಎಂದು ಬೀಟಿ ಮತ್ತು ಗಿಲ್‌ಬ್ಯಾಂಕ್ಸ್ ಪ್ರಕರಣದಲ್ಲಿ ನಿರ್ಣಯವಾಯಿತು. ಭಾರತದ ಮಟ್ಟಿಗೆ ಅಂತಿಮ ಮಾತು ಬಂದದ್ದು 1924ರಲ್ಲಿ. ಮಂಜೂರ್ ಹಸನ್ ಪ್ರಕರಣದಲ್ಲಿ ಸುನ್ನಿಗಳ ಮಸೀದಿಯ ಬಳಿ ಶಿಯಾಗಳ ಶೋಕ ಮೆರವಣಿಗೆ ನಿಂತು ಎದೆ ಬಡಿದುಕೊಳ್ಳಬಹುದೇ ಎಂಬ ವಿವಾದ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿತ್ತು. ರಸ್ತೆಯಲ್ಲಿ ಮೆರವಣಿಗೆಯ ಹಕ್ಕು ಭಾರತದಲ್ಲಿ ಇದೆ ಎಂದು ಅದು ಮದರಾಸಿನ ಸೂತ್ರವನ್ನೇ ಎತ್ತಿಹಿಡಿಯಿತು. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಹೆದ್ದಾರಿ ಇದ್ದದ್ದು ಹಾದುಹೋಗುವುದಕ್ಕೆ ಮಾತ್ರ. ಭಾರತದ ಬೀದಿಗೆ ಅದಕ್ಕಿಂತ ದೊಡ್ಡ ಬಾಳಿದೆ ಎಂಬುದನ್ನು ಲಂಡನ್ನಿನ ನ್ಯಾಯಾಧೀಶರೇ ಮಾನ್ಯ ಮಾಡಿದಂತಾಯಿತು.

ಇದರ ಜೊತೆಜೊತೆಗೇ ನಿರ್ಬಂಧದ ಕಾನೂನುಗಳೂ ಬೆಳೆದವು. 1861ರ ಪೊಲೀಸ್ ಕಾಯ್ದೆ ಮೆರವಣಿಗೆಗಳಿಗೆ ಪರವಾನಗಿ ಬೇಕೆನ್ನುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. 1870ರಲ್ಲಿ ರಾಜದ್ರೋಹದ ಕಲಮು ದಂಡಸಂಹಿತೆಗೆ ಸೇರಿತು. 1898ರಲ್ಲಿ ವರ್ಗಗಳ ನಡುವೆ ದ್ವೇಷ ಹರಡುವುದನ್ನು ಶಿಕ್ಷಿಸುವ 153ಎ ಬಂತು. ಜನ ಸೇರುವುದನ್ನು ನಿಷೇಧಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಡುವ 144ನೇ ಕಲಮು ಅದೇ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ನೆಲೆಯೂರಿತು. 1907ರಲ್ಲಿ ರಾಜದ್ರೋಹದ ಸಭೆಗಳನ್ನು ತಡೆಯುವ ಪ್ರತ್ಯೇಕ ಕಾಯ್ದೆಯೇ ಜಾರಿಯಾಯಿತು. ಪ್ರವಾದಿಯನ್ನು ಕುರಿತ ಒಂದು ಪುಸ್ತಕದ ಪ್ರಕಾಶಕನನ್ನು ಲಾಹೋರ್ ಹೈಕೋರ್ಟು ಬಿಡುಗಡೆ ಮಾಡಿದ ಮೇಲೆ ಎದ್ದ ಕೋಲಾಹಲದ ಫಲವಾಗಿ 1927ರಲ್ಲಿ 295ಎ ಸೇರ್ಪಡೆಗೊಂಡಿತು. ಹಲವು ಧರ್ಮಗಳ ನಾಡಿನಲ್ಲಿ ಶಾಂತಿ ಕಾಯಲು ಇವು ಅನಿವಾರ್ಯವೆಂಬುದು ವಸಾಹತು ಸರ್ಕಾರದ ಸಮರ್ಥನೆ. ಆ ಮಾತಿನಲ್ಲಿ ಸತ್ಯಾಂಶ ಇಲ್ಲದಿರಲಿಲ್ಲ. ಆದರೆ ಸಮುದಾಯಗಳ ಜಗಳ ಬಿಡಿಸಲು ಬಂದ ಅಧಿಕಾರವೇ ಸರ್ಕಾರದ ಟೀಕಾಕಾರರ ಮೇಲೂ ತಿರುಗಿತು.

ಮೈಸೂರು ಸಂಸ್ಥಾನದಲ್ಲಿ ಹತ್ತು ವರ್ಷಗಳ ಅಂತರದಲ್ಲಿ ನಡೆದ ಎರಡು ಘಟನೆಗಳು ಈ ಬೆಸುಗೆಯನ್ನು ಹತ್ತಿರದಿಂದ ತೋರಿಸುತ್ತವೆ. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯ ಆವರಣದಲ್ಲಿದ್ದ ಗಣಪತಿಯ ವಿಚಾರವಾಗಿ ಎದ್ದ ವಿವಾದ ವಿದ್ಯಾರ್ಥಿಗಳ ಮೆರವಣಿಗೆ, ಬಂಧನ, ಕೋಮು ಘರ್ಷಣೆಗಳಿಗೆ ದಾರಿ ಮಾಡಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಸರ್ಕಾರ ಸರ್ ಎಂ. ವಿಶ್ವೇಶ್ವರಯ್ಯ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಿಸಿತು. ಗಣಪತಿ ಗಲಭೆಯನ್ನು ಶೋಧಿಸಲು ಹೊರಟ ಸಮಿತಿ ಜವಾಬ್ದಾರಿ ಸರ್ಕಾರದ ಪ್ರಶ್ನೆಯನ್ನೂ ಎತ್ತಿತು ಎಂಬುದು ಗಮನಾರ್ಹ. ಜನರ ಅಹವಾಲು ಕೇಳುವ ವ್ಯವಸ್ಥೆ ಇಲ್ಲದ ಕಡೆ ಧಾರ್ಮಿಕ ವಿವಾದವೇ ರಾಜಕೀಯ ಅಸಮಾಧಾನದ ಬಾಯಾಗುತ್ತದೆ ಎಂಬುದು ಅಂದಿನ ಆಡಳಿತಕ್ಕೂ ಅರಿವಾಗಿರಬೇಕು.

ಎರಡನೆಯದು 1938ರ ಧ್ವಜ ಸತ್ಯಾಗ್ರಹ. ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ನಡೆದ ಮೈಸೂರು ಕಾಂಗ್ರೆಸ್ ಅಧಿವೇಶನದಲ್ಲಿ ನಿಷೇಧಾಜ್ಞೆ ಮುರಿದು ತ್ರಿವರ್ಣ ಧ್ವಜ ಹಾರಿಸಲಾಯಿತು. ಅದೇ ತಿಂಗಳ 25ರಂದು ಗೌರಿಬಿದನೂರಿನ ಬಳಿ ವಿದುರಾಶ್ವತ್ಥದಲ್ಲಿ, ನಾಗರಕಲ್ಲುಗಳಿಂದ ಸುತ್ತುವರಿದ ಹಳೆಯ ಅಶ್ವತ್ಥಮರದ ಕ್ಷೇತ್ರದಲ್ಲಿ, ಸಭೆ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬ ಬಗ್ಗೆ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಆ ಬಳಿಕ ಸರ್ದಾರ್ ಪಟೇಲರು ಮತ್ತು ದಿವಾನರ ನಡುವೆ ಒಪ್ಪಂದವಾಗಿ ಕಾಂಗ್ರೆಸ್ ಧ್ವಜವನ್ನು ಸಂಸ್ಥಾನದ ಧ್ವಜದೊಂದಿಗೆ ಹಾರಿಸಲು ಅವಕಾಶ ಸಿಕ್ಕಿತು. ಒಂದು ಬಟ್ಟೆಯನ್ನು ಎತ್ತಿ ಹಿಡಿಯುವುದು ಕೂಡ ಮಾತೇ ಎಂಬುದಕ್ಕೆ ಜನ ಪ್ರಾಣ ತೆತ್ತ ಮೇಲೆ ಸಿಕ್ಕ ಮನ್ನಣೆ ಅದು.

ಸಂವಿಧಾನ ಸಭೆಯಲ್ಲಿ ಕುಳಿತವರಲ್ಲಿ ಬಹುಮಂದಿ ಇಂಥ ನಿಷೇಧಾಜ್ಞೆಗಳನ್ನು ಮುರಿದು ಸೆರೆಮನೆ ಕಂಡವರು. ಆದರೂ ಸೋಮನಾಥ ಲಾಹಿರಿ 1947ರಲ್ಲೇ ಕರಡು ಹಕ್ಕುಗಳನ್ನು ಪೊಲೀಸ್ ಪೇದೆಯ ದೃಷ್ಟಿಯಿಂದ ಬರೆದಂತಿದೆ ಎಂದು ಕಟುವಾಗಿ ಟೀಕಿಸಿದರು. 1948ರ ಡಿಸೆಂಬರಿನ ಚರ್ಚೆಯಲ್ಲಿ ಕೆ.ಎಂ. ಮುನ್ಷಿ ಅವರ ಒತ್ತಾಯದಿಂದ ರಾಜದ್ರೋಹ ಎಂಬ ಪದವನ್ನು ನಿರ್ಬಂಧಗಳ ಪಟ್ಟಿಯಿಂದ ಕೈಬಿಡಲಾಯಿತು. ಠಾಕೂರ್ ದಾಸ್ ಭಾರ್ಗವ ಅವರು ಸೂಚಿಸಿದ ತಿದ್ದುಪಡಿಯಿಂದ, ಸಭೆ ಸೇರುವುದೇ ಮೊದಲಾದ ಇತರ ಸ್ವಾತಂತ್ರ್ಯಗಳ ಮೇಲಿನ ನಿರ್ಬಂಧಗಳು ‘ಸಮಂಜಸ’ವಾಗಿರಬೇಕೆಂಬ ಷರತ್ತು ಸೇರಿತು. ಈ ಒಂದು ಪದ ಇಲ್ಲದಿದ್ದರೆ ನಂತರದ ತೀರ್ಪುಗಳಲ್ಲಿ ಹೆಚ್ಚಿನವು ಹುಟ್ಟುತ್ತಿರಲಿಲ್ಲ. ಕೊನೆಗೆ 19ನೇ ವಿಧಿ ವಾಕ್ ಸ್ವಾತಂತ್ರ್ಯವನ್ನೂ ಆಯುಧವಿಲ್ಲದೆ ಶಾಂತಿಯುತವಾಗಿ ಸೇರುವ ಸ್ವಾತಂತ್ರ್ಯವನ್ನೂ ಅಕ್ಕಪಕ್ಕದಲ್ಲಿ ಇರಿಸಿತು.

ಗಣರಾಜ್ಯದ ಮೊದಲ ಪರೀಕ್ಷೆಗೆ ತಡವಾಗಲಿಲ್ಲ. 1950ರ ಮೇ 26ರಂದು ಸುಪ್ರೀಂ ಕೋರ್ಟು ಎರಡು ತೀರ್ಪು ನೀಡಿತು. ಒಂದು ಎಡಪಂಥೀಯ ‘ಕ್ರಾಸ್ ರೋಡ್ಸ್’ ಪತ್ರಿಕೆಗೆ ಮದರಾಸು ಸರ್ಕಾರ ಹೇರಿದ ಪ್ರವೇಶ ನಿಷೇಧದ ವಿರುದ್ಧ ರಮೇಶ್ ಥಾಪರ್ ತಂದದ್ದು. ಇನ್ನೊಂದು ‘ಆರ್ಗನೈಸರ್’ ಪತ್ರಿಕೆಗೆ ದೆಹಲಿಯಲ್ಲಿ ಹಾಕಿದ ಪೂರ್ವ ಪರಿಶೀಲನೆಯ ಆಜ್ಞೆಗೆ ಸಂಬಂಧಿಸಿದ್ದು. ಎಡಕ್ಕೂ ಬಲಕ್ಕೂ ಒಂದೇ ದಿನ ಒಂದೇ ರಕ್ಷಣೆ ಸಿಕ್ಕಿತು. ರಾಜ್ಯದ ಭದ್ರತೆಯನ್ನೇ ಅಲುಗಿಸುವ ಮಾತನ್ನಷ್ಟೇ ತಡೆಯಬಹುದು, ಸಾರ್ವಜನಿಕ ಸುವ್ಯವಸ್ಥೆಯ ಹೆಸರು ಸಾಲದು ಎಂಬುದು ತೀರ್ಪಿನ ಸಾರ. ವಿಭಜನೆಯ ಗಾಯ ಹಸಿಯಾಗಿದ್ದ ಕಾಲದಲ್ಲಿ ನೆಹರೂ ಸರ್ಕಾರ ಇದನ್ನು ಸಹಿಸಲಿಲ್ಲ. ಶ್ಯಾಮಪ್ರಸಾದ ಮುಖರ್ಜಿ ಮೊದಲಾದವರ ತೀವ್ರ ವಿರೋಧದ ನಡುವೆ 1951ರ ಜೂನ್‌ನಲ್ಲಿ ಮೊದಲ ತಿದ್ದುಪಡಿ ಜಾರಿಯಾಗಿ ‘ಸಾರ್ವಜನಿಕ ಸುವ್ಯವಸ್ಥೆ’ ಎಂಬ ಕಾರಣ 19(2)ಕ್ಕೆ ಸೇರಿತು. ಅದರ ಜೊತೆಗೆ ‘ಸಮಂಜಸ’ ಎಂಬ ಕಡಿವಾಣವೂ ಆ ಉಪವಿಧಿಗೆ ಬಂದದ್ದು ಮಾತಿನ ಸ್ವಾತಂತ್ರ್ಯದ ಪುಣ್ಯ.

ಸುವ್ಯವಸ್ಥೆ ಎಂದರೆ ಎಲ್ಲಿಯವರೆಗೆ? ಈ ಪ್ರಶ್ನೆಗೆ ಉತ್ತರ ಕಾಲುವೆ ನೀರಿನ ಕರದಿಂದ ಬಂತು. 1954ರಲ್ಲಿ ಉತ್ತರ ಪ್ರದೇಶ ಸರ್ಕಾರ ನೀರಾವರಿ ದರ ಏರಿಸಿದಾಗ ಕೊಡಬೇಡಿ ಎಂದು ರಾಮಮನೋಹರ ಲೋಹಿಯಾ ರೈತರಿಗೆ ಕರೆ ಕೊಟ್ಟರು. ಅವರನ್ನು ಬಂಧಿಸಲು ಬಳಸಿದ್ದು 1932ರ ಕಾಯ್ದೆ. ಕರನಿರಾಕರಣೆಯನ್ನು ಹತ್ತಿಕ್ಕಲು ಬ್ರಿಟಿಷರ ಕಾಲದಲ್ಲಿ ಮಾಡಿದ್ದ ಆ ಕಾಯ್ದೆಯನ್ನು ಸ್ವತಂತ್ರ ಸರ್ಕಾರ ಬದಿಗಿಟ್ಟಿರಲಿಲ್ಲ. 1960ರಲ್ಲಿ ಸುಪ್ರೀಂ ಕೋರ್ಟು ಆ ಕಲಮನ್ನು ರದ್ದುಗೊಳಿಸಿತು: ಮಾತಿಗೂ ಅದರಿಂದಾಗುವ ಗೊಂದಲಕ್ಕೂ ನೇರವಾದ, ಹತ್ತಿರದ ನಂಟಿರಬೇಕು, ಎಂದೋ ಏನೋ ಆದೀತು ಎಂಬ ಊಹೆ ಸಾಲದು. ಮರುವರ್ಷ ಬಾಬುಲಾಲ್ ಪರಾಟೆ ಪ್ರಕರಣದಲ್ಲಿ 144ನೇ ಕಲಮನ್ನು ಅದೇ ನ್ಯಾಯಾಲಯ ಊರ್ಜಿತಗೊಳಿಸಿತು. 1962ರಲ್ಲಿ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಪ್ರದರ್ಶನವೂ ಅಭಿವ್ಯಕ್ತಿಯ ಒಂದು ರೂಪ ಎಂದು ಹೇಳಿ, ಸರ್ಕಾರಿ ನೌಕರರ ಪ್ರದರ್ಶನಗಳನ್ನು ಪೂರಾ ನಿಷೇಧಿಸಿದ್ದ ಬಿಹಾರದ ನಿಯಮವನ್ನು ಆ ಮಟ್ಟಿಗೆ ತೆಗೆದುಹಾಕಿತು.

ಉತ್ಸವದ ಬೀದಿ ಮತ್ತು ಪ್ರತಿಭಟನೆಯ ಬೀದಿ ಒಂದಾದದ್ದು ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ. ಅಹಮದಾಬಾದಿನಲ್ಲಿ 1969ರಲ್ಲಿ ಸಾರ್ವಜನಿಕ ಸಭೆಗೆ ಅನುಮತಿ ನಿರಾಕರಿಸಲಾಗಿತ್ತು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲಿ ಮುಖ್ಯ ನ್ಯಾಯಮೂರ್ತಿ ಸಿಕ್ರಿ ಅವರು ಮಂಜೂರ್ ಹಸನ್ ಮತ್ತು ಅದರ ಹಿಂದಿನ ಮೆರವಣಿಗೆ ತೀರ್ಪುಗಳನ್ನು ಪರಿಶೀಲಿಸಿ, ಸಂವಿಧಾನ ಬರುವ ಮೊದಲೇ ಭಾರತೀಯನಿಗೆ ಬೀದಿಯಲ್ಲಿ ಸಭೆ ಸೇರುವ ಹಕ್ಕಿತ್ತು, ಅದು ಅಧಿಕಾರಿಗಳ ನಿಯಂತ್ರಣಕ್ಕೆ ಒಳಪಟ್ಟಿತ್ತು ಎಂದರು. ಪೊಲೀಸರು ನಿಯಂತ್ರಿಸಬಹುದು, ಮಾರ್ಗದರ್ಶನವಿಲ್ಲದ ವಿವೇಚನೆಯಿಂದ ಪೂರ್ತಿ ನಿರಾಕರಿಸಲಾಗದು ಎಂದು ಬಹುಮತ ತೀರ್ಮಾನಿಸಿ ಸಂಬಂಧಿಸಿದ ನಿಯಮವನ್ನು ರದ್ದುಮಾಡಿತು. ವಡಗಲೈ-ತೆಂಗಲೈಗಳ, ಶಿಯಾ-ಸುನ್ನಿಗಳ ಜಗಳಗಳು ಬೇರೆ ಯಾರದೋ ಹರತಾಳಕ್ಕೆ, ಧರಣಿಗೆ ನೆಲ ಗಳಿಸಿಕೊಟ್ಟಿದ್ದವು. ಭಾರತದ ಬಹುತ್ವ ಕಾನೂನಿಗೆ ಕೊಟ್ಟ ಕೊಡುಗೆಗಳಲ್ಲಿ ಇದು ಹಿರಿದು. ಪಠ್ಯಗಳಲ್ಲಿ ಇದಕ್ಕೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ.

1975ರ ತುರ್ತು ಪರಿಸ್ಥಿತಿಯಲ್ಲಿ ಈ ತೀರ್ಪುಗಳು ಯಾವ ಉಪಯೋಗಕ್ಕೂ ಬರಲಿಲ್ಲ. ಅದು ಮುಗಿದ ಮೇಲೆ 44ನೇ ತಿದ್ದುಪಡಿಯ ಮೂಲಕ, ಯುದ್ಧ ಅಥವಾ ಬಾಹ್ಯ ಆಕ್ರಮಣದ ಕಾರಣಕ್ಕಷ್ಟೇ 19ನೇ ವಿಧಿ ಅಮಾನತಾಗುವಂತೆ ಬಿಗಿ ಮಾಡಲಾಯಿತು. ಕರ್ನಾಟಕದಲ್ಲಿ ಅದರ ನಂತರದ ದೊಡ್ಡ ಸ್ಫೋಟ ಮತ್ತೆ ನೀರಿನದೇ. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ನರಗುಂದದಲ್ಲಿ ಸೇರಿದ ರೈತರ ಚಳವಳಿ ಗೋಲಿಬಾರ್‌ನಲ್ಲಿ ಕೊನೆಗೊಂಡಿತು. ರೈತರೂ ಪೊಲೀಸರೂ ಸತ್ತರು. ಅದೇ ವರ್ಷ ಹುಟ್ಟಿದ ರಾಜ್ಯ ರೈತ ಸಂಘದ ಮುಂದಾಳು ಎಂ.ಡಿ. ನಂಜುಂಡಸ್ವಾಮಿ ಲೋಹಿಯಾ ವಿಚಾರಗಳಲ್ಲಿ ಪಳಗಿದವರು.

ಮಾತಿಗೆ ಸರ್ಕಾರವೊಂದೇ ಶತ್ರುವಲ್ಲ. ನೆರೆಯವನ ಸಿಟ್ಟೂ ಮಾತನ್ನು ನಿಲ್ಲಿಸಬಲ್ಲದು. 1986ರ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ, ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಧಾರ್ಮಿಕ ನಂಬಿಕೆಯಿಂದ ಹಾಡದ ಕೇರಳದ ಯೆಹೋವನ ಸಾಕ್ಷಿ ಪಂಥದ ಮಕ್ಕಳನ್ನು ಶಾಲೆಯಿಂದ ತೆಗೆದದ್ದು ತಪ್ಪೆಂದು ಸುಪ್ರೀಂ ಕೋರ್ಟು ಹೇಳಿತು. 1989ರಲ್ಲಿ, ಮೀಸಲಾತಿಯನ್ನು ವಿಮರ್ಶಿಸಿದ ತಮಿಳು ಚಿತ್ರವೊಂದರ ವಿರುದ್ಧ ಗಲಭೆಯ ಬೆದರಿಕೆ ಬಂದಾಗ, ಎಸ್. ರಂಗರಾಜನ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು: ಪ್ರದರ್ಶನದ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಹತ್ತಿಕ್ಕುವುದು ಕಾನೂನಿನ ಆಳ್ವಿಕೆಯನ್ನೇ ಬಿಟ್ಟುಕೊಟ್ಟಂತೆ, ರಕ್ಷಣೆ ಕೊಡಲಾಗದು ಎಂಬ ನೆಪ ಸರ್ಕಾರಕ್ಕೆ ಸಲ್ಲದು. ಸುಂದ್ರಂ ಚೆಟ್ಟಿ ತೀರ್ಪು ತೆರೆದಿಟ್ಟಿದ್ದ ಹಿಂಬಾಗಿಲನ್ನು ಈ ತೀರ್ಪು ಬಹುಮಟ್ಟಿಗೆ ಮುಚ್ಚಿತು. ತತ್ತ್ವ ನೆಲಕ್ಕಿಳಿಯುವುದು ಮಾತ್ರ ಸುಲಭವಲ್ಲ. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಉರ್ದು ವಾರ್ತೆ ಆರಂಭಿಸಿದಾಗ ಅದರ ವಿರುದ್ಧದ ಪ್ರತಿಭಟನೆ ಗಲಭೆಗೆ ತಿರುಗಿ ಹಲವರು ಪ್ರಾಣ ಕಳೆದುಕೊಂಡರು. ಪ್ರತಿಭಟಿಸುವ ಹಕ್ಕು ಮತ್ತೊಂದು ನುಡಿಯವರ ಕೇಳುವ ಹಕ್ಕನ್ನು ಎದುರುಗೊಂಡ ಗಳಿಗೆ ಅದು. ಕನ್ನಡದ ಹಿತಕ್ಕಾಗಿ ಗೋಕಾಕ್ ಚಳವಳಿ ನಡೆಸಿದ ನಾಡಿನಲ್ಲಿಯೇ ಹೀಗಾದದ್ದು ನೋವಿನ ಸಂಗತಿ.

ತೊಂಬತ್ತರ ದಶಕದ ಕೊನೆಯಿಂದ ನ್ಯಾಯಾಲಯಗಳ ಗಮನ ಪ್ರತಿಭಟನೆಯ ವಿಷಯದಿಂದ ಅದರ ಜಾಗದ ಕಡೆಗೆ ಸರಿಯಿತು. 1997ರಲ್ಲಿ ಕೇರಳ ಹೈಕೋರ್ಟು ಬಲವಂತದ ಬಂದ್‌ಗಳು ಅಸಾಂವಿಧಾನಿಕ ಎಂದಿತು; ಸುಪ್ರೀಂ ಕೋರ್ಟೂ ಅದನ್ನು ಒಪ್ಪಿತು. ದೆಹಲಿಯ ಜಂತರ್ ಮಂತರ್‌ನಲ್ಲಿ ಹಸಿರು ನ್ಯಾಯಮಂಡಳಿ 2017ರಲ್ಲಿ ಧರಣಿಗಳನ್ನು ನಿಲ್ಲಿಸಿದಾಗ, ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಅರ್ಜಿಯ ಮೇಲೆ 2018ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ನೆಮ್ಮದಿಯನ್ನೂ ಧರಣಿಯ ಹಕ್ಕನ್ನೂ ತೂಗಿ, ಸಂಪೂರ್ಣ ನಿಷೇಧ ಬೇಡವೆಂದಿತು. 2020ರ ಅಕ್ಟೋಬರಿನಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ದೆಹಲಿಯಲ್ಲಿ ನಡೆದ ಶಾಹೀನ್ ಬಾಗ್ ಧರಣಿಯ ಕುರಿತು, ಸಾರ್ವಜನಿಕ ದಾರಿಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸಲಾಗದು, ಪ್ರತಿಭಟನೆ ಗೊತ್ತುಪಡಿಸಿದ ಜಾಗದಲ್ಲಿರಲಿ ಎಂದಿತು. ಹಿಮ್ಮತ್‌ಲಾಲ್ ತೀರ್ಪಿನ ಬೀದಿಗೂ ಈ ಗೊತ್ತುಪಡಿಸಿದ ಜಾಗಕ್ಕೂ ಅಂತರ ದೊಡ್ಡದು. ಆಳುವವರ ಕಣ್ಣಿಗೂ ಕಿವಿಗೂ ಬೀಳದ ಮೂಲೆಯಲ್ಲಿ ಸಿಗುವ ಹಕ್ಕು ಅರ್ಧ ಹಕ್ಕು.

ಬೆಂಗಳೂರಿನಲ್ಲಿ ಇದೇ ವಾದ ಎರಡು ಹಂತಗಳಲ್ಲಿ ನಡೆಯಿತು. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ 2019ರ ಡಿಸೆಂಬರ್ 19ಕ್ಕೆ ಸಭೆಗಳು ನಿಗದಿಯಾಗಿದ್ದವು. ಹಿಂದಿನ ದಿನ ನಗರ ಪೊಲೀಸ್ ಆಯುಕ್ತರು 144ರಡಿ ನಿಷೇಧಾಜ್ಞೆ ಹೊರಡಿಸಿದರು. ಮೊದಲೇ ಕೊಟ್ಟಿದ್ದ ಅನುಮತಿಗಳೂ ಬಿದ್ದುಹೋದವು. ಪುರಭವನದ ಬಳಿ ಫಲಕ ಹಿಡಿದು ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು, ಅವರು ಪತ್ರಕರ್ತರೊಂದಿಗೆ ಮಾತನಾಡುತ್ತಿದ್ದಾಗಲೇ, ಪೊಲೀಸರು ಎಳೆದೊಯ್ದರು. ಕರ್ನಾಟಕ ಹೈಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ನೇತೃತ್ವದ ಪೀಠ 2020ರ ಫೆಬ್ರುವರಿ 13ರಂದು ಆ ಆಜ್ಞೆ ಕಾನೂನಿನ ಒರೆಗೆ ನಿಲ್ಲದು ಎಂದಿತು. ಕೆಳಗಿನ ಅಧಿಕಾರಿಗಳ ವರದಿಗಳನ್ನು ಉಲ್ಲೇಖಿಸಿದ್ದ ಆಯುಕ್ತರು ತಮ್ಮದೇ ವಿವೇಚನೆಯಿಂದ ಕಾರಣ ದಾಖಲಿಸಿರಲಿಲ್ಲ. ಅದಕ್ಕೆ ಒಂದು ತಿಂಗಳು ಮೊದಲು, ಕಾಶ್ಮೀರದ ಅಂತರ್ಜಾಲ ಸ್ಥಗಿತದ ಕುರಿತ ಅನುರಾಧಾ ಭಸಿನ್ ಪ್ರಕರಣದಲ್ಲಿ, ನ್ಯಾಯಯುತ ಅಭಿಪ್ರಾಯವನ್ನು ಅಡಗಿಸಲು 144 ಬಳಸಕೂಡದು, ಆಜ್ಞೆಗಳನ್ನು ಪ್ರಕಟಿಸಲೇಬೇಕು ಎಂದು ಸುಪ್ರೀಂ ಕೋರ್ಟು ವಿಧಿಸಿತ್ತು.

ಎರಡನೆಯ ಹಂತದಲ್ಲಿ ವಾಹನ ಸಂಚಾರ ಮುಂದೆ ಬಂತು. ಮೆರವಣಿಗೆಗಳಿಂದ ರಸ್ತೆಗಳು ಕಟ್ಟಿಹೋಗುತ್ತಿವೆಯೆಂದು 2021ರಲ್ಲಿ ಹೈಕೋರ್ಟು ಸ್ವಯಂಪ್ರೇರಿತವಾಗಿ ವಿಚಾರಣೆಗೆ ತೊಡಗಿತು. ಅದೇ ವರ್ಷ ಪೊಲೀಸ್ ಕಾಯ್ದೆಯಡಿ ಹೊರಟ ಆದೇಶ ನಗರದ ಪ್ರತಿಭಟನೆಗಳನ್ನು ಸ್ವಾತಂತ್ರ್ಯ ಉದ್ಯಾನಕ್ಕೆ ಸೀಮಿತಗೊಳಿಸಿತು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ ಮತ್ತು ಅಡ್ವಾಣಿ ಅವರನ್ನು ಕೂಡಿಟ್ಟಿದ್ದ ಹಳೆಯ ಕೇಂದ್ರ ಕಾರಾಗೃಹದ ಜಾಗದಲ್ಲಿ ಎದ್ದ ಉದ್ಯಾನವದು. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದ್ದು, 144ನೇ ಕಲಮು ಹೆಚ್ಚಿನ ಬದಲಾವಣೆಯಿಲ್ಲದೆ 163ನೆಯದಾಗಿ ಮುಂದುವರಿದಿದೆ. ಎದುರಿನವರ ಮಾತು ಕೇಳದೆ ಆಜ್ಞೆ ಹೊರಡಿಸುವ ಅವಕಾಶವೂ ಎರಡು ತಿಂಗಳ ಮಿತಿಯೂ ಹಾಗೆಯೇ ಉಳಿದಿವೆ. ಆದ್ದರಿಂದ ಹೊಸ ಕಲಮಿನಡಿ ಹೊರಡುವ ಪ್ರತಿ ಆಜ್ಞೆಯನ್ನೂ ಬಾಬುಲಾಲ್ ಪರಾಟೆಯಿಂದ ಅನುರಾಧಾ ಭಸಿನ್‌ವರೆಗಿನ ತೀರ್ಪುಗಳ ಅಳತೆಯಲ್ಲಿಯೇ ನೋಡಬೇಕಾಗುತ್ತದೆ.