ಬಾಡಿಗೆ ಗಾಡಿಯ ಬೆನ್ನೇರಿ

ನಾಡನ್ನು ನೋಡಬೇಕೆಂದು ಹೊರಟವನಿಗೆ ಎಲ್ಲ ಕಾಲದಲ್ಲಿಯೂ ಎದುರಾಗುವ ಮೊದಲ ಪ್ರಶ್ನೆ ಒಂದೇ: ಯಾವುದರ ಮೇಲೆ ಹೋಗುವುದು? ನಮ್ಮ ಹಿರಿಯರಿಗೆ ಎತ್ತಿನ ಗಾಡಿಯಿತ್ತು, ಜಟಕಾ ಇತ್ತು. ನನ್ನ ವಿದ್ಯಾರ್ಥಿದೆಸೆಯಲ್ಲಿ ಗಂಟೆಯ ಲೆಕ್ಕದ ಬಾಡಿಗೆ ಸೈಕಲ್ಲಿತ್ತು. ಈಗಿನ ತರುಣರಿಗೆ ಬಾಡಿಗೆಯ ಮೋಟಾರ್‌ಸೈಕಲ್ಲು ದೊರೆತಿದೆ. ಅದಕ್ಕಾಗಿಯೇ ಕೇಂದ್ರ ಸರ್ಕಾರ 1997ರಲ್ಲಿ ಒಂದು ಯೋಜನೆಯನ್ನು ಪ್ರಕಟಿಸಿತು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳನ್ನು ಹೊತ್ತ ಈ ವಾಹನಗಳು ಭಾನುವಾರದ ಮುಂಜಾನೆ ಬೆಂಗಳೂರಿನಿಂದ ನಂದಿಬೆಟ್ಟದತ್ತ ಸಾಲುಗಟ್ಟುವುದನ್ನು ನೀವೂ ಕಂಡಿರಬಹುದು.

ಅಂಥದೊಂದರ ಹಿಂಬದಿಯಲ್ಲಿ ಕುಳಿತು, ಸೋದರಳಿಯನ ಭುಜ ಹಿಡಿದು, ನಾನೂ ಎರಡು ದಿನ ಚಿಕ್ಕಬಳ್ಳಾಪುರದ ಸೀಮೆಯನ್ನು ಸುತ್ತಿದೆ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಮನೆಯವರು ಆಕ್ಷೇಪಿಸದೆ ಇರಲಿಲ್ಲ.

ಈ ಸೀಮೆಯನ್ನು ಹೀಗೆ ಊರೂರು ನಿಂತು ನೋಡಿದ ಹೊರಗಿನವರಲ್ಲಿ ಪ್ರಮುಖನಾದವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸುಲ್ತಾನನು ಮಡಿದ ಮರುವರ್ಷವೇ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಆತ ಮದರಾಸಿನಿಂದ ಹೊರಟ. ಕೋಲಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಹಾದುಹೋದ. ಬೆಳೆ ಯಾವುದು, ಕೆರೆಯ ನೀರು ಎಷ್ಟು, ಕಬ್ಬಿನ ಹಾಲು ಸಕ್ಕರೆಯಾಗುವ ಬಗೆ ಹೇಗೆ ಎಂದು ಕೇಳಿ ಕೇಳಿ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳು ನಮಗೆ ಇಂದಿಗೂ ಆಕರಗ್ರಂಥಗಳು. ಆದರೆ ಆತ ಕೇಳಿದ್ದು ಹೊಸದಾಗಿ ಕೈಸೇರಿದ ನೆಲದ ಹುಟ್ಟುವಳಿಯನ್ನು ಅರಿಯಲೆಂದು ಎಂಬುದನ್ನು ಮರೆಯುವಂತಿಲ್ಲ. ಪಯಣಿಗನ ಕಣ್ಣು ಅವನ ಉದ್ದೇಶದ ಕಣ್ಣೇ ಆಗಿರುತ್ತದೆ.

ಮುಂದೆ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಕಿರುಹಳಿಯ ರೈಲು ಬಂತು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಅದು ಕೋಲಾರದೊಡನೆ ಬೆಸೆಯಿತು. ಗೌರಿಬಿದನೂರು ಮಾತ್ರ ಗುಂತಕಲ್ಲಿನ ಹಾದಿಗೆ ಸೇರಿತು. ರೈಲು ಊರಿಂದೂರಿಗೆ ಒಯ್ಯುತ್ತದೆ, ನಡುವೆ ಬಯಸಿದಲ್ಲಿ ಇಳಿಸುವುದಿಲ್ಲ. ಮೋಟಾರ್‌ಸೈಕಲ್ಲಿನ ಹೆಚ್ಚುಗಾರಿಕೆ ಇರುವುದು ಅದರ ವೇಗದಲ್ಲಲ್ಲ, ಬೇಕೆಂದಲ್ಲಿ ನಿಲ್ಲುವುದರಲ್ಲಿ.

ನಾವೂ ನಿಂತೆವು. ನಂದಿಯ ತಪ್ಪಲಲ್ಲಿ ಭೋಗನಂದೀಶ್ವರನ ಗುಡಿಯ ಮುಂದೆ ನಿಂತೆವು. ಒಂಬತ್ತನೆಯ ಶತಮಾನದಿಂದ ವಿಜಯನಗರದ ಕಾಲದವರೆಗೆ ಹಲವು ಅರಸುಮನೆತನಗಳ ಕೈ ಅಲ್ಲಿ ಕೂಡಿದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ರಾತ್ರಿಯೆಲ್ಲ ಹುಳುವಿಗೆ ಸೊಪ್ಪು ಹಾಕಿ ಕೆಂಪಾದ ಕಣ್ಣಿನ ರೈತರು ಹರಾಜಿನ ದರಕ್ಕೆ ಕಾದಿರುವುದನ್ನು ಕಂಡೆವು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ನಾರಾಯಣ ತಾತಯ್ಯನವರ ನೆನಪಾಯಿತು. ಬಳೆಯ ಮಲಾರ ಹೊತ್ತು ಊರೂರು ಅಲೆದರೆಂದು ಜನ ಹೇಳುವ ಆ ಯೋಗಿ ಕನ್ನಡ ತೆಲುಗು ಎರಡರಲ್ಲಿಯೂ ಹಾಡಿದರು. ಎರಡು ನುಡಿ ಒಂದೇ ಜಗಲಿಯಲ್ಲಿ ಕೂಡುವ ಈ ಸೀಮೆಗೆ ಅದು ಸಹಜವೇ ಆಗಿತ್ತು.

ಎರಡನೆಯ ದಿನ ಗೌರಿಬಿದನೂರನ್ನು ದಾಟಿ ವಿದುರಾಶ್ವತ್ಥಕ್ಕೆ ಹೋದೆವು. ವಿದುರನು ನೆಟ್ಟನೆಂದು ಜನ ನಂಬಿದ್ದ ಅಶ್ವತ್ಥ ವೃಕ್ಷ 2001ರಲ್ಲಿ ಉರುಳಿತು. ಸುತ್ತಲಿನ ನಾಗರಕಲ್ಲುಗಳು ಉಳಿದಿವೆ. 1938ರ ಏಪ್ರಿಲ್ 25ರಂದು ಇಲ್ಲಿ ಧ್ವಜ ಸತ್ಯಾಗ್ರಹಕ್ಕಾಗಿ ನೆರೆದಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಮಡಿದವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲಿಲ್ಲ. 32 ಎಂಬುದು ಜನರ ನೆನಪಿನಲ್ಲಿ ನಿಂತ ಸಂಖ್ಯೆ. ಗಾಂಧೀಜಿ ವಲ್ಲಭಭಾಯಿ ಪಟೇಲ್, ಆಚಾರ್ಯ ಕೃಪಲಾನಿ ಇವರನ್ನು ಬೆಂಗಳೂರಿಗೆ ಕಳುಹಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಒಪ್ಪಂದವಾಗಿ, ಸಂಸ್ಥಾನದ ಬಾವುಟದ ಜೊತೆಯಲ್ಲಿ ಕಾಂಗ್ರೆಸ್ಸಿನ ಬಾವುಟವನ್ನೂ ಹಾರಿಸಲು ಎಡೆಯಾಯಿತು.

ಸ್ಮಾರಕದ ಮುಂದೆ ಹುಡುಗ ಬಹಳ ಹೊತ್ತು ಸುಮ್ಮನೆ ನಿಂತಿದ್ದ. ಆಮೇಲೆ, “ಮಾವ, ನೀವು ಇಲ್ಲಿಗೆ ಎಷ್ಟು ಸಲ ಬಂದಿದ್ದೀರಿ?” ಎಂದು ಕೇಳಿದ.

ಇದೇ ಮೊದಲು ಎಂದು ಹೇಳಲು ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ತರಗತಿಯಲ್ಲಿ ‘ಕರ್ನಾಟಕದ ಜಲಿಯನ್‌ವಾಲಾಬಾಗ್’ ಎಂಬ ಒಂದು ಮಾತಿನಲ್ಲಿ ಈ ಊರನ್ನು ಮುಗಿಸಿದವನು ನಾನು. ಆ ಹೋಲಿಕೆ ಸುಳ್ಳಲ್ಲ. ಆದರೆ ಹೋಲಿಕೆಯ ಹಿಂದೆ ಊರು ಮರೆಯಾಗಿತ್ತು. ಅಂದು ಬಂದವರಲ್ಲಿ ಹೆಚ್ಚಿನವರು ಕಾಲ್ನಡಿಗೆಯಲ್ಲಿ, ಗಾಡಿ ಕಟ್ಟಿಕೊಂಡು ಬಂದ ಸುತ್ತಲ ಹಳ್ಳಿಯವರಾಗಿರಬೇಕು. ಸಂಜೆಗೆ ಮನೆ ಸೇರುತ್ತೇವೆಂದು ಹೇಳಿ ಹೊರಟವರೂ ಅವರಲ್ಲಿ ಇದ್ದಿರಬೇಕು. ನೆಲವನ್ನು ಕಾಣುವವರೆಗೆ ಈ ಆಲೋಚನೆ ನನಗೆ ಹೊಳೆದಿರಲಿಲ್ಲ.

ಸೂರ್ಯೋದಯ ನೋಡಲು ನಂದಿಗೆ ಬರುವ ತರುಣರನ್ನು ನಾನು ಆಕ್ಷೇಪಿಸುವವನಲ್ಲ. ಬುಕಾನನ್ನನಿಗಿದ್ದ ಯಜಮಾನನ ಆಜ್ಞೆ ಅವರಿಗಿಲ್ಲ, ಅದೊಂದು ಭಾಗ್ಯ. ಅವರಲ್ಲಿ ನನ್ನ ವಿನಂತಿ ಇಷ್ಟೇ: ಬಾಡಿಗೆಯ ಅವಧಿ ಇನ್ನೂ ಉಳಿದಿದ್ದರೆ, ಬೆಟ್ಟವಿಳಿದ ಮೇಲೆ ಒಮ್ಮೆ ಗೌರಿಬಿದನೂರಿನ ಕಡೆಗೂ ಗಾಡಿಯನ್ನು ತಿರುಗಿಸಿ. ನನ್ನಂತೆ ನಿವೃತ್ತಿಯವರೆಗೆ ಕಾಯಬೇಡಿ.